ಬಿ.ಪಿ. ಹತೋಟಿಗೆ ಯಾವುದನ್ನು ಆರಿಸುವುದು? ಕೊಡಗಿನ ಮನೆಗಳಿಗೊಂದು ಹೋಲಿಕೆಯ ಮಾರ್ಗದರ್ಶಿ

ಮಡಿಕೇರಿಯಿಂದ ಮೈಸೂರು ಸುಮಾರು 120 ಕಿ.ಮೀ. ಸಂಪಾಜೆ ಘಟ್ಟ ಇಳಿದು ಮಂಗಳೂರಿಗೆ ಹೋಗುವುದಾದರೆ ಸುಮಾರು 140 ಕಿ.ಮೀ. ಹೃದಯದ ರಕ್ತನಾಳ ಕಟ್ಟಿಕೊಂಡಾಗ ಅದನ್ನು ತೆರೆಯುವ ಆಂಜಿಯೋಪ್ಲಾಸ್ಟಿಗೆಂದು ಕೊಡಗಿನವರು ಹೆಚ್ಚಾಗಿ ಓಡುವುದು ಈ ಎರಡು ಊರುಗಳಿಗೆ. ದಾರಿ ಚೆನ್ನಾಗಿದ್ದರೂ ಎರಡೂವರೆ, ಮೂರು ಗಂಟೆ ಬೇಕು. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದಾಗ ಸಂಪಾಜೆ ದಾರಿ ವಾರಗಟ್ಟಲೆ ಮುಚ್ಚಿಯೇ ಹೋಗಿತ್ತು. ಇಂಥ ಕಡೆ ಇರುವವರಿಗೆ ಹೃದಯದ ಕಾಳಜಿಯ ಬಹುಪಾಲು ನಡೆಯಬೇಕಾದದ್ದು ಮನೆಯಲ್ಲೇ, ಬಿ.ಪಿ. ಏರದಂತೆ ನೋಡಿಕೊಳ್ಳುವುದರಲ್ಲೇ.

ಬಿ.ಪಿ. ಯಂತ್ರದಿಂದ ಉಪ್ಪು, ಮಾತ್ರೆ, ಆಸ್ಪತ್ರೆಯವರೆಗೆ ಎಲ್ಲದರಲ್ಲೂ ಎರಡು ಮೂರು ಆಯ್ಕೆಗಳಿವೆ. ಅವನ್ನು ತೂಗುವಾಗ ಬೆಲೆ, ಹೆಸರು ಆಮೇಲೆ ನೋಡೋಣ. ಮೊದಲು ಕೇಳಬೇಕಾದದ್ದು ಇದು: ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಯಲ್ಲಿ, ಕರೆಂಟ್ ಇಲ್ಲದ ದಿನ, ಕಾಫಿ ಕೊಯ್ಲಿನ ಗಡಿಬಿಡಿಯಲ್ಲಿ ಇದು ತಪ್ಪದೆ ನಡೆಯುತ್ತದೆಯೇ? ನಡೆಯದಿದ್ದರೆ ಎಷ್ಟೇ ಒಳ್ಳೆಯ ಆಯ್ಕೆಯಾದರೂ ನಿಮ್ಮ ಮನೆಗೆ ಅದು ಒಳ್ಳೆಯದಲ್ಲ.

ಗೊತ್ತಿರಬೇಕಾದ ಅಂಕಿಗಳು ಕೆಲವೇ. ಆಸ್ಪತ್ರೆಯಲ್ಲಿ ಬೇರೆ ಬೇರೆ ದಿನ ಅಳೆದಾಗ 140/90 ಅಥವಾ ಅದಕ್ಕಿಂತ ಮೇಲೆ ಬಂದರೆ ಅಧಿಕ ರಕ್ತದೊತ್ತಡ. ಮನೆಯಲ್ಲಿ ಅಳೆದದ್ದಾದರೆ ಗೆರೆ 135/85. ಮೇಲಿನದು, ಕೆಳಗಿನದು ಎರಡರಲ್ಲಿ ಒಂದು ದಾಟಿದರೂ ಸಾಕು. ಮಾತ್ರೆ ಶುರು ಮಾಡಿದವರಿಗೆ ಮೊದಲ ಗುರಿ 140/90ರ ಕೆಳಗೆ. ಹೃದಯದ ತೊಂದರೆ, ಸಕ್ಕರೆ ಕಾಯಿಲೆ, ಮೂತ್ರಪಿಂಡದ ತೊಂದರೆ ಇದ್ದವರಿಗೆ ಮೇಲಿನ ಅಂಕಿ 130ರ ಕೆಳಗಿರಬೇಕು. ತಲೆನೋವು, ತಲೆಸುತ್ತು ಬಂದಾಗ ನೋಡಿದರಾಯಿತು ಎಂದು ಕೂರಬೇಡಿ. 170 ಇದ್ದರೂ ಏನೂ ಅನಿಸದೆ ಇಡೀ ದಿನ ತೋಟದಲ್ಲಿ ಕೆಲಸ ಮಾಡುವವರು ಬಹಳ ಮಂದಿ. 30 ವರ್ಷ ದಾಟಿದ ಎಲ್ಲರೂ ವರ್ಷಕ್ಕೊಮ್ಮೆಯಾದರೂ ಅಳೆಸಿಕೊಳ್ಳಬೇಕು.

ಯಾವ ಯಂತ್ರ: ತೋಳಿನದೋ, ಮಣಿಕಟ್ಟಿನದೋ, ಮುಳ್ಳಿನದೋ?

ಮನೆಗೆ ಒಂದೇ ಯಂತ್ರ ತರುವುದಾದರೆ ಮೇಲ್ತೋಳಿಗೆ ಕಟ್ಟುವ, ತಾನೇ ಗಾಳಿ ತುಂಬಿಕೊಳ್ಳುವ ಡಿಜಿಟಲ್ ಯಂತ್ರ ತನ್ನಿ. ಒಬ್ಬರೇ ಇದ್ದರೂ ನೋಡಿಕೊಳ್ಳಬಹುದು, ಸ್ಟೆತಸ್ಕೋಪ್ ಬೇಡ, ಹಳೆಯ ರೀಡಿಂಗುಗಳು ಅದರಲ್ಲೇ ಉಳಿಯುತ್ತವೆ.

ಮಣಿಕಟ್ಟಿನ ಯಂತ್ರ ಚಿಕ್ಕದು, ಅಂಗಿಯ ತೋಳು ಮಡಿಸುವ ಗೋಜಿಲ್ಲ. ಆದರೆ ಕೈ ಎದೆಯ ಮಟ್ಟಕ್ಕಿಂತ ಸ್ವಲ್ಪ ಕೆಳಗಿದ್ದರೆ ಹೆಚ್ಚು, ಮೇಲಿದ್ದರೆ ಕಡಿಮೆ ತೋರಿಸುತ್ತದೆ. ವಯಸ್ಸಾದವರ ಕೈ ಒಂದೇ ಮಟ್ಟದಲ್ಲಿ ನಿಲ್ಲುವುದೂ ಕಷ್ಟ. ತೋಳು ಬಹಳ ದಪ್ಪ ಇದ್ದು ಯಾವ ಕಫ್ (ತೋಳಿಗೆ ಸುತ್ತುವ ಪಟ್ಟಿ) ಕೂಡ ಹಿಡಿಯದವರಿಗೆ ಮಾತ್ರ ಇದು ಇರಲಿ. ಬೆರಳಿಗೆ ಸಿಕ್ಕಿಸುವ ಯಂತ್ರ, ಬಿ.ಪಿ. ತೋರಿಸುತ್ತದೆ ಎನ್ನುವ ಕೈಗಡಿಯಾರ, ಇವುಗಳ ಅಂಕಿ ನಂಬಿ ಮಾತ್ರೆ ಹೆಚ್ಚು ಕಡಿಮೆ ಮಾಡುವುದು ಅಪಾಯ.

ಮುಳ್ಳು ತಿರುಗಿ ಅಂಕಿ ತೋರಿಸುವ ಯಂತ್ರದಲ್ಲಿ ಸ್ಟೆತಸ್ಕೋಪಿನ ಸದ್ದು ಕೇಳಿ ಅಳೆಯಬೇಕು, ಅದಕ್ಕೆ ಕಿವಿ ಪಳಗಿರಬೇಕು. ಕೆಳಗೆ ಬಿದ್ದರೆ, ಹಳತಾದರೆ ಮುಳ್ಳು ಸದ್ದಿಲ್ಲದೆ ತಪ್ಪುತ್ತದೆ, ಆರು ತಿಂಗಳಿಗೊಮ್ಮೆ ತಾಳೆ ನೋಡಿಸಬೇಕು. ಮನೆಯಲ್ಲಿ ಅದು ಆಗದ ಮಾತು. ಪಾದರಸದ ಯಂತ್ರ ನಿಖರವಾದದ್ದೇ, ಆದರೆ ಪಾದರಸ ವಿಷವಾದ್ದರಿಂದ ಪ್ರಪಂಚದ ಎಲ್ಲೆಡೆ ಅದನ್ನು ಕೈಬಿಡುತ್ತಿದ್ದಾರೆ. ಹಳೆಯದು ಮನೆಯಲ್ಲಿದ್ದು ಗಾಜು ಬಿರುಕು ಬಿಟ್ಟಿದ್ದರೆ ಮಕ್ಕಳ ಕೈಗೆ ಸಿಗದಂತೆ ಇಡಿ, ಗುಡಿಸಿ ಒಲೆಗೆ ಹಾಕಬೇಡಿ.

ತೋಳಿನ ಯಂತ್ರಗಳಲ್ಲೇ ಯಾವುದು? ಮೊದಲು ಕಫ್ ನೋಡಿ. ಭುಜಕ್ಕೂ ಮೊಣಕೈಗೂ ನಡುಮಧ್ಯದಲ್ಲಿ ಟೈಲರ್ ಟೇಪಿನಿಂದ ಸುತ್ತಳತೆ ತೆಗೆಯಿರಿ. ಪೆಟ್ಟಿಗೆಯಲ್ಲಿ ಸಾಮಾನ್ಯವಾಗಿ ಬರುವ ಕಫ್ 22ರಿಂದ 32 ಸೆಂ.ಮೀ. ತೋಳಿಗೆ. ನಿಮ್ಮದು 35 ಸೆಂ.ಮೀ. ಇದ್ದು ಅದೇ ಕಫ್ ಬಿಗಿದರೆ ಇಲ್ಲದ ಬಿ.ಪಿ. ತೋರಿಸುತ್ತದೆ. ದೊಡ್ಡ ಕಫ್ ಬೇರೆಯಾಗಿ ಸಿಗುತ್ತದೆ, ಅದೇ ಕಂಪೆನಿಯದನ್ನೇ ಕೊಳ್ಳಬೇಕು. ಎರಡನೆಯದು ಬ್ಯಾಟರಿ. ಅಡಾಪ್ಟರ್ ಒಂದರಲ್ಲೇ ಓಡುವ ಯಂತ್ರ ಮಳೆಗಾಲದಲ್ಲಿ ಕರೆಂಟ್ ಹೋದ ದಿನ ಕೈಕೊಡುತ್ತದೆ. ಸಾಮಾನ್ಯ ಪೆನ್ಸಿಲ್ ಸೆಲ್ ಹಾಕುವಂಥದ್ದು ಹಳ್ಳಿಯ ಅಂಗಡಿಯಲ್ಲೂ ಸೆಲ್ ಸಿಗುವುದರಿಂದ ವಾಸಿ. ಸೆಲ್ ಬಡವಾದಾಗ ಗಾಳಿ ಸರಿಯಾಗಿ ತುಂಬದೆ ಪದೇ ಪದೇ ಎರರ್ ತೋರಿಸುತ್ತದೆ, ಯಂತ್ರ ಕೆಟ್ಟಿತು ಎಂದು ಎಸೆಯುವ ಮೊದಲು ಸೆಲ್ ಬದಲಿಸಿ ನೋಡಿ. ತೇವಕ್ಕೆ ಕಫ್ ಬಟ್ಟೆ ಬೂಷ್ಟು ಹಿಡಿಯುತ್ತದೆ, ಹಾಗೆಂದು ಒಲೆಯ ಮೇಲಿನ ಅಟ್ಟದಲ್ಲಿಟ್ಟರೆ ಬಿಸಿಗೆ ರಬ್ಬರ್ ನಳಿಕೆ ಸೀಳುತ್ತದೆ. ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿ, ಬಟ್ಟೆ ಇಡುವ ಬೀರುವಿನಲ್ಲಿಡಿ. ತಂದ ಯಂತ್ರವನ್ನು ಒಮ್ಮೆ ಆರೋಗ್ಯ ಕೇಂದ್ರಕ್ಕೆ ಒಯ್ದು ಅಲ್ಲಿಯದರ ಜೊತೆ ತಾಳೆ ನೋಡಿ, ವರ್ಷಕ್ಕೊಮ್ಮೆ ಹಾಗೆ ಮಾಡಿ.

ನಾಡಿ ಏರುಪೇರಾಗಿ ಹೊಡೆದುಕೊಳ್ಳುವ ತೊಂದರೆ ಇದ್ದವರಲ್ಲಿ ಡಿಜಿಟಲ್ ಯಂತ್ರ ಒಂದೊಂದು ಸಲ ಒಂದೊಂದು ಅಂಕಿ ಕೊಡುತ್ತದೆ. ಅವರು ಮೂರು ಸಲ ಅಳೆದು ಸರಾಸರಿ ತೆಗೆಯಬೇಕು, ನಡುನಡುವೆ ಡಾಕ್ಟರ ಕೈಯಲ್ಲೂ ನೋಡಿಸಬೇಕು.

ಒಳ್ಳೆಯ ಯಂತ್ರವೂ ಅಳೆಯುವ ಕ್ರಮ ತಪ್ಪಿದರೆ ಸುಳ್ಳು ಹೇಳುತ್ತದೆ. ಕಾಫಿ, ಬೀಡಿ, ಎಲೆ ಅಡಿಕೆಯ ಜೊತೆಗಿನ ಹೊಗೆಸೊಪ್ಪು ಆಗಿ ಅರ್ಧ ಗಂಟೆ ಕಳೆದಿರಬೇಕು. ಮೂತ್ರ ಕಟ್ಟಿಕೊಂಡು ಕೂರಬಾರದು. ಬೆನ್ನಿಗೆ ಆಸರೆ ಇರುವ ಕುರ್ಚಿಯಲ್ಲಿ, ಪಾದ ನೆಲಕ್ಕೆ ಊರಿ, ಕಾಲ ಮೇಲೆ ಕಾಲು ಹಾಕದೆ ಐದು ನಿಮಿಷ ಸುಮ್ಮನೆ ಕುಳಿತು ಆಮೇಲೆ ಕಟ್ಟಿ. ಕಫ್‌ನ ಕೆಳ ಅಂಚು ಮೊಣಕೈ ಮಡಿಕೆಗಿಂತ ಎರಡು ಬೆರಳು ಮೇಲೆ ಇರಲಿ, ಒಳಗೆ ಎರಡು ಬೆರಳು ತೂರುವಷ್ಟು ಸಡಿಲ ಇರಲಿ. ಕೈಯನ್ನು ಮೇಜಿನ ಮೇಲೆ ಎದೆಯ ಮಟ್ಟಕ್ಕಿಡಿ. ಚಳಿಗೆ ಹಾಕಿದ ಸ್ವೆಟರ್ ತೋಳಿನ ಮೇಲೆಯೇ ಕಟ್ಟುವುದು ಮಡಿಕೇರಿಯ ಕಡೆ ಸಾಮಾನ್ಯ ತಪ್ಪು, ಬರಿ ತೋಳಿಗೇ ಕಟ್ಟಬೇಕು. ತೋಳು ಮಡಿಸಿ ಮೇಲಕ್ಕೆ ತುರುಕಿದರೆ ಅದೇ ಬಿಗಿಯಾಗುತ್ತದೆ, ತೋಳನ್ನೇ ಹೊರಗೆ ತೆಗೆಯಿರಿ. ಅಳೆಯುವಾಗ ಮಾತಾಡಿದರೆ, ಕೈ ಜೋತು ಬಿದ್ದಿದ್ದರೆ, ಮೂತ್ರ ತುಂಬಿದ್ದರೆ ಒಂದೊಂದರಿಂದಲೂ ಮೇಲಿನ ಅಂಕಿ 10ರಷ್ಟು ಏರಬಹುದು. ಮೂರೂ ಸೇರಿದರೆ ಬಿ.ಪಿ. ಇಲ್ಲದವರೂ ರೋಗಿಯಾಗುತ್ತಾರೆ.

ಮನೆಯ ಅಂಕಿಯೋ, ಆಸ್ಪತ್ರೆಯ ಅಂಕಿಯೋ?

ಬಸ್ ಇಳಿದು ಏರು ಹತ್ತಿ ಬಂದು, ಸಾಲಿನಲ್ಲಿ ನಿಂತು, ಕುಳಿತ ತಕ್ಷಣ ಕೈ ಕೊಟ್ಟರೆ ಬರುವ ಅಂಕಿ ಆ ಗಳಿಗೆಯದ್ದು. ಡಾಕ್ಟರನ್ನು ಕಂಡಾಗ ಮಾತ್ರ ಏರುವವರಿದ್ದಾರೆ. ಆಸ್ಪತ್ರೆಯಲ್ಲಿ ಸರಿಯಿದ್ದು ಮನೆಯಲ್ಲಿ ಏರಿರುವವರೂ ಇದ್ದಾರೆ, ಇವರದ್ದೇ ಹೆಚ್ಚು ಅಪಾಯ, ಏಕೆಂದರೆ ಯಾರಿಗೂ ತಿಳಿಯುವುದಿಲ್ಲ. ಹಾಗಾಗಿ ಆಸ್ಪತ್ರೆಯ ಅಂಕಿ ಅನುಮಾನ ಹುಟ್ಟಿಸಲಿ, ಮನೆಯ ಅಂಕಿ ಅದನ್ನು ತೀರ್ಮಾನಿಸಲಿ. ಏಳು ದಿನ ಬೆಳಿಗ್ಗೆ ಮಾತ್ರೆಗೆ ಮೊದಲು ಎರಡು ಸಲ, ಸಂಜೆ ಎರಡು ಸಲ, ನಡುವೆ ಒಂದು ನಿಮಿಷ ಬಿಟ್ಟು ಅಳೆದು ಬರೆದಿಡಿ. ಮೊದಲ ದಿನದ್ದನ್ನು ಬಿಟ್ಟು ಉಳಿದವುಗಳ ಸರಾಸರಿ ತೆಗೆದು ಡಾಕ್ಟರಿಗೆ ತೋರಿಸಿ. ಮೊದಲ ಸಲ ಎರಡೂ ತೋಳು ನೋಡಿ, ಹೆಚ್ಚು ಬಂದ ತೋಳನ್ನೇ ಮುಂದೆಯೂ ಬಳಸಿ. ಹತೋಟಿಗೆ ಬಂದ ಮೇಲೆ ದಿನಾ ಅಳೆಯುವುದು ಬೇಡ, ಅಳೆದಷ್ಟೂ ಆತಂಕ ಏರುತ್ತದೆ. ವಾರಕ್ಕೊಂದೆರಡು ದಿನ ಸಾಕು.

ಚಳಿಯಲ್ಲಿ ರಕ್ತನಾಳ ಬಿಗಿಯುವುದರಿಂದ ಡಿಸೆಂಬರ್, ಜನವರಿಯಲ್ಲಿ ಅಂಕಿ ಸ್ವಲ್ಪ ಏರುವುದು ಸಹಜ. ಬೇಸಿಗೆಯಲ್ಲಿ ಹೊಂದಿಸಿದ ಮಾತ್ರೆ ಚಳಿಗಾಲಕ್ಕೆ ಸಾಲದೆ ಹೋಗಬಹುದು. ವರ್ಷಕ್ಕೆ ಒಂದೇ ಸಲ ಈ ಏಳು ದಿನದ ಲೆಕ್ಕ ಮಾಡುವುದಾದರೆ ಚಳಿಯಲ್ಲೇ ಮಾಡಿ.

ಯಾವ ಉಪ್ಪು?

ಅಂಗಡಿಯಲ್ಲಿ ಮೂರು ಬಗೆ ಸಿಗುತ್ತದೆ: ಸಾಮಾನ್ಯ ಅಯೋಡಿನ್ ಉಪ್ಪು, ಇಂದುಪ್ಪು, ಮತ್ತು ಲೈಟ್ ಅಥವಾ ಲೋ ಸೋಡಿಯಂ ಎಂದು ಬರೆದ ಉಪ್ಪು.

ಇಂದುಪ್ಪು ಬಿ.ಪಿ.ಗೆ ಒಳ್ಳೆಯದು ಎಂಬ ಮಾತು ಎಲ್ಲ ಕಡೆ ಹಬ್ಬಿದೆ. ಅದರಲ್ಲಿರುವುದೂ ಹೆಚ್ಚುಕಡಿಮೆ ಪೂರ್ತಿ ಸೋಡಿಯಂ ಕ್ಲೋರೈಡೇ. ಬಣ್ಣ ಕೊಡುವ ಖನಿಜಗಳು ಇರುವುದು ಅತ್ಯಲ್ಪ. ಬಿ.ಪಿ.ಗೆ ಅದರಿಂದ ಲಾಭವಿಲ್ಲ, ಜೊತೆಗೆ ಅಯೋಡಿನ್ ತಪ್ಪುತ್ತದೆ. ಮಳೆ ಕೊಚ್ಚಿಕೊಂಡು ಹೋದ ಗುಡ್ಡದ ಮಣ್ಣಿನಲ್ಲಿ ಅಯೋಡಿನ್ ಮೊದಲೇ ಕಡಿಮೆ, ಅದನ್ನು ಬಿಟ್ಟುಕೊಡುವಷ್ಟು ಸ್ಥಿತಿಯಲ್ಲಿ ನಾವಿಲ್ಲ. ಮನೆಯಲ್ಲಿ ಬಸುರಿ, ಬಾಣಂತಿ, ಮಕ್ಕಳಿದ್ದರಂತೂ ಬೇಡವೇ ಬೇಡ.

ಲೋ ಸೋಡಿಯಂ ಉಪ್ಪಿನಲ್ಲಿ ಸೋಡಿಯಂ ಕ್ಲೋರೈಡಿನ ಒಂದು ಪಾಲು ತೆಗೆದು ಪೊಟ್ಯಾಸಿಯಂ ಕ್ಲೋರೈಡ್ ಸೇರಿಸಿರುತ್ತಾರೆ. ಇದಕ್ಕೆ ಗಟ್ಟಿ ಆಧಾರವಿದೆ. ಚೀನಾದ 600 ಹಳ್ಳಿಗಳಲ್ಲಿ ಸುಮಾರು 21 ಸಾವಿರ ಜನರನ್ನು ಐದು ವರ್ಷದ ಹತ್ತಿರ ಗಮನಿಸಿ 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 75 ಪಾಲು ಸೋಡಿಯಂ, 25 ಪಾಲು ಪೊಟ್ಯಾಸಿಯಂ ಇರುವ ಉಪ್ಪು ಬಳಸಿದವರಲ್ಲಿ ಪಾರ್ಶ್ವವಾಯು ಶೇ 14 ಕಡಿಮೆಯಾಗಿತ್ತು. ವಿಶ್ವ ಆರೋಗ್ಯ ಸಂಸ್ಥೆ 2025ರ ಜನವರಿಯಲ್ಲಿ ದೊಡ್ಡವರಿಗೆ ಇದನ್ನು ಶಿಫಾರಸು ಮಾಡಿತು. ಆದರೆ ಎಲ್ಲ ಲೈಟ್ ಉಪ್ಪೂ ಅಷ್ಟು ಬಲದ್ದಲ್ಲ. ಪೊಟ್ಟಣದ ಹಿಂದೆ 100 ಗ್ರಾಂಗೆ ಸೋಡಿಯಂ ಎಷ್ಟೆಂದು ಓದಿ. ಸಾಮಾನ್ಯ ಉಪ್ಪಿನಲ್ಲಿ ಅದು 38–39 ಗ್ರಾಂ. ಅದಕ್ಕಿಂತ ಶೇ 15 ಮಾತ್ರ ಕಡಿಮೆ ಇರುವ ಉಪ್ಪನ್ನು ಧೈರ್ಯವಾಗಿ ಎರಡು ಚಿಟಿಕೆ ಹೆಚ್ಚು ಹಾಕಿಕೊಂಡರೆ ಲೆಕ್ಕ ಅಲ್ಲಿಗಲ್ಲಿಗೆ.

ಇಲ್ಲಿ ಒಂದು ಎಚ್ಚರಿಕೆ ಯಾರೂ ಮರೆಯಬಾರದು. ಮೂತ್ರಪಿಂಡದ ತೊಂದರೆ ಇದ್ದವರು, ಸ್ಪೈರನೋಲ್ಯಾಕ್ಟೋನ್ ಮಾತ್ರೆ ತೆಗೆದುಕೊಳ್ಳುವವರು ಪೊಟ್ಯಾಸಿಯಂ ಉಪ್ಪು ಬಳಸಬಾರದು. ಟೆಲ್ಮಿಸಾರ್ಟನ್, ಲೋಸಾರ್ಟನ್, ರಾಮಿಪ್ರಿಲ್, ಎನಲಾಪ್ರಿಲ್ ಎಂಬ ಬಿ.ಪಿ. ಮಾತ್ರೆ ತೆಗೆದುಕೊಳ್ಳುವವರು ರಕ್ತದಲ್ಲಿ ಪೊಟ್ಯಾಸಿಯಂ ಮತ್ತು (ಮೂತ್ರಪಿಂಡದ ಸ್ಥಿತಿ ತಿಳಿಸುವ) ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಿ, ಡಾಕ್ಟರನ್ನು ಕೇಳಿಯೇ ಬಳಸಬೇಕು. ಪೊಟ್ಯಾಸಿಯಂ ಮಿತಿಮೀರಿದರೆ ಹೃದಯದ ಬಡಿತವೇ ತಪ್ಪುತ್ತದೆ. ಮನೆಯಲ್ಲಿ ಅಂಥ ಒಬ್ಬರಿದ್ದು ಎಲ್ಲರಿಗೂ ಒಂದೇ ಪಾತ್ರೆಯಲ್ಲಿ ಅಡಿಗೆ ಆಗುವುದಾದರೆ ಸಾಮಾನ್ಯ ಉಪ್ಪನ್ನೇ ಇಟ್ಟುಕೊಂಡು ಅಳತೆ ಇಳಿಸುವುದೇ ಸರಿ.

ನಮ್ಮ ಲೆಕ್ಕದಲ್ಲಿ ಯಾವ ಉಪ್ಪು ಎನ್ನುವುದಕ್ಕಿಂತ ಎಷ್ಟು ಉಪ್ಪು ಎನ್ನುವುದೇ ದೊಡ್ಡದು. ಒಬ್ಬರಿಗೆ ದಿನಕ್ಕೆ 5 ಗ್ರಾಂ ಮಿತಿ, ಒಂದು ಟೀ ಚಮಚ. ಇದನ್ನು ದಿನಾ ಅಳೆಯುವ ಬದಲು ಪೊಟ್ಟಣ ಒಡೆದ ತಾರೀಖನ್ನು ಅದರ ಮೇಲೇ ಬರೆಯಿರಿ. ನಾಲ್ಕು ಮಂದಿಯ ಮನೆಗೆ ಒಂದು ಕಿಲೋ ಉಪ್ಪು 50 ದಿನ ಬರಬೇಕು. 25 ದಿನಕ್ಕೇ ಖಾಲಿಯಾದರೆ ಒಬ್ಬೊಬ್ಬರಿಗೂ 10 ಗ್ರಾಂ ಹೋಗುತ್ತಿದೆ. ಉಪ್ಪಿನಕಾಯಿ ಹಾಕಲು, ದನಕ್ಕೆ, ತೋಟದಲ್ಲಿ ಜಿಗಣೆಗೆಂದು ಕಟ್ಟಿಕೊಂಡು ಹೋಗಲು ಬೇರೆ ಪೊಟ್ಟಣ ಇಟ್ಟರೆ ಲೆಕ್ಕ ಕೆಡುವುದಿಲ್ಲ.

ಇಳಿಸುವುದಾದರೆ ಎಲ್ಲಿಂದ? ಅಕ್ಕಿ ರೊಟ್ಟಿ, ಕಡಂಬುಟ್ಟು, ನೂಲ್‌ಪುಟ್ಟಿಗೆ ಉಪ್ಪು ಬೇಡ. ಸಾರಿನಲ್ಲಿ, ಚಟ್ನಿಯಲ್ಲಿ ಇರುವುದೇ ಸಾಕು, ಎರಡು ವಾರದಲ್ಲಿ ನಾಲಿಗೆ ಒಗ್ಗುತ್ತದೆ. ಹುಳಿ ಇದ್ದಲ್ಲಿ ಉಪ್ಪಿನ ಕೊರತೆ ತಿಳಿಯುವುದಿಲ್ಲ, ನಮ್ಮ ಹುಳಿರಸ ಕಾಚಂಪುಳಿ ಇರುವ ಅಡಿಗೆಮನೆಗೆ ಇದು ದೊಡ್ಡ ಅನುಕೂಲ. ಸಾರಿಗೆ ಅರ್ಧ ಉಪ್ಪು ಹಾಕಿ, ಇಳಿಸುವ ಮೊದಲು ಕಾಚಂಪುಳಿ, ಕರಿಮೆಣಸು ಸೇರಿಸಿ ರುಚಿ ನೋಡಿ, ಆಮೇಲೂ ಬೇಕೆನಿಸಿದರೆ ಮಾತ್ರ ಇನ್ನೊಂದು ಚಿಟಿಕೆ.

ಮಳೆಗಾಲದ ಊಟ ಬೇರೆಯೇ ಮಾತು. ತಾಜಾ ಮೀನು, ತರಕಾರಿ ಕಡಿಮೆಯಾಗಿ ಒಣಮೀನು, ಉಪ್ಪಿನಕಾಯಿ, ಉಪ್ಪುನೀರಿನ ಮಾವಿನಕಾಯಿ ತಟ್ಟೆಗೆ ಬರುತ್ತವೆ. ಇವುಗಳ ಉಪ್ಪು ಪೊಟ್ಟಣದ ಲೆಕ್ಕಕ್ಕೆ ಸಿಗುವುದೇ ಇಲ್ಲ. ಒಣಮೀನನ್ನು ಅರ್ಧ ಗಂಟೆ ಬೆಚ್ಚಗಿನ ನೀರಿನಲ್ಲಿ ನೆನೆಸಿ, ನೀರು ಚೆಲ್ಲಿ, ಇನ್ನೊಮ್ಮೆ ಹಾಗೇ ಮಾಡಿದರೆ ಸ್ವಲ್ಪ ಉಪ್ಪು ಇಳಿಯುತ್ತದೆ, ಪೂರ್ತಿಯಲ್ಲ. ಆ ದಿನ ಜೊತೆಗೆ ಉಪ್ಪಿನಕಾಯಿ ಬೇಡ. ಕಣಿಲೆ, ಕೆಸುವಿನೆಲೆ, ಅಣಬೆ ತಾಜಾ ಸಿಗುವ ಕಾಲವೂ ಅದೇ. ಒಣಮೀನಿನ ಬದಲು ಅವು ಹೆಚ್ಚು ಸಲ ಒಲೆ ಏರಲಿ. ಔತಣದ ಮೇಲೆ ಹೊಟ್ಟೆ ಉಬ್ಬರಕ್ಕೆ ಕುಡಿಯುವ, ನೊರೆ ಉಕ್ಕುವ ಪುಡಿಯಲ್ಲೂ ಸೋಡಿಯಂ ತುಂಬಾ ಇದೆ.

ಹಂದಿಮಾಂಸ ಬಿಡಲೇಬೇಕೇ ಎಂದು ಬಹಳ ಜನ ಕೇಳುತ್ತಾರೆ. ಬಿ.ಪಿ. ಏರಿಸುವುದು ಮಾಂಸಕ್ಕಿಂತ ಅದಕ್ಕೆ ಹಾಕುವ ಉಪ್ಪು ಮತ್ತು ಅದರ ಜೊತೆಗಿನ ಮದ್ಯ. ರಕ್ತನಾಳಕ್ಕೆ ಕೆಡುಕು ಮಾಡುವುದು ಕೊಬ್ಬು. ಕೊಬ್ಬು ಕತ್ತರಿಸಿ ತೆಗೆದ ತುಂಡುಗಳನ್ನೇ ಆರಿಸಿ. ಹಿಂದಿನ ಸಂಜೆಯೇ ಬೇಯಿಸಿ ಆರಲು ಬಿಟ್ಟರೆ ಇಲ್ಲಿನ ಚಳಿಗೆ ಕೊಬ್ಬು ಮೇಲೆ ಬಿಳಿಯಾಗಿ ಗಟ್ಟಿಯಾಗುತ್ತದೆ, ಅದನ್ನು ಚಮಚದಿಂದ ಎತ್ತಿ ತೆಗೆದು ಮರುದಿನ ಬಿಸಿ ಮಾಡಿ. ದಿನಾ ಬೇಡ, ಹಬ್ಬಕ್ಕೆ, ವಾರದ ಒಂದು ಊಟಕ್ಕೆ ಇರಲಿ.

ಕಾಫಿಯಿಂದ ಬಿ.ಪಿ. ಎರಡು ಮೂರು ಗಂಟೆ ಏರಿ ಇಳಿಯುತ್ತದೆ. ದಿನಾ ಕುಡಿಯುವವರಲ್ಲಿ ಈ ಏರಿಕೆ ಕಡಿಮೆ. ದಿನಕ್ಕೆ ಎರಡು ಮೂರು ಲೋಟ ಕುಡಿಯುವವರು ಬಿಡಬೇಕಿಲ್ಲ. ರೊಬಸ್ಟಾದಲ್ಲಿ ಅರೇಬಿಕಾಗಿಂತ ಹೆಚ್ಚುಕಡಿಮೆ ಎರಡರಷ್ಟು ಕೆಫೀನ್ ಇದೆ, ಚಿಕೋರಿಯಲ್ಲಿ ಕೆಫೀನ್ ಇಲ್ಲ. ಪುಡಿ ಕುದಿಸಿ ಬಸಿದ ಕಾಫಿಯಲ್ಲಿ ಕೊಲೆಸ್ಟ್ರಾಲ್ ಏರಿಸುವ ಎಣ್ಣೆಯಂಶ ಉಳಿಯುತ್ತದೆ, ಕಾಗದದ ಫಿಲ್ಟರ್ ಅದನ್ನು ಹಿಡಿದಿಡುತ್ತದೆ. ಕೊಲೆಸ್ಟ್ರಾಲ್ ಇದ್ದವರು ಆ ಬದಲಾವಣೆ ಮಾಡಿಕೊಳ್ಳಬಹುದು. ಮದ್ಯದ ವಿಷಯದಲ್ಲಿ ಹೀಗೆ ಸಡಿಲ ಮಾತಿಲ್ಲ. ವಿಸ್ಕಿಯೋ, ಮನೆಯಲ್ಲಿ ಮಾಡಿದ ವೈನೋ ಎಂಬ ಹೋಲಿಕೆಗೆ ಅರ್ಥವಿಲ್ಲ, ಬಿ.ಪಿ.ಗೆ ಎರಡೂ ಒಂದೇ. ಎಷ್ಟು ಕಡಿಮೆಯೋ ಅಷ್ಟು ಒಳ್ಳೆಯದು, ಬಿಟ್ಟರೆ ಇನ್ನೂ ಒಳ್ಳೆಯದು.

ಮಾತ್ರೆ: ಯಾವುದು, ಎಲ್ಲಿಂದ?

ಯಾವ ಮಾತ್ರೆ ಎನ್ನುವುದನ್ನು ಡಾಕ್ಟರೇ ಹೇಳಬೇಕು. ಆದರೂ ಅವುಗಳ ಗುಣ ಗೊತ್ತಿದ್ದರೆ ತೊಂದರೆ ಬಂದಾಗ ಸುಮ್ಮನೆ ನಿಲ್ಲಿಸಿ ಕೂರುವುದು ತಪ್ಪುತ್ತದೆ. ಸರ್ಕಾರಿ ಕೇಂದ್ರಗಳಲ್ಲಿ ಸಾಮಾನ್ಯವಾಗಿ ಮೊದಲು ಕೊಡುವುದು ಅಮ್ಲೋಡಿಪಿನ್ 5 ಮಿ.ಗ್ರಾಂ. ರಕ್ತಪರೀಕ್ಷೆ ಇಲ್ಲದೆಯೂ ಶುರು ಮಾಡಬಹುದು, ಒಂದು ದಿನ ತಪ್ಪಿದರೂ ಅಂಕಿ ದಢಕ್ಕನೆ ಏರುವುದಿಲ್ಲ. ಕೆಲವರಿಗೆ ಕಾಲಿನ ಗಂಟಿನ ಹತ್ತಿರ ಬಾವು ಬರುತ್ತದೆ. ಅದು ಮೂತ್ರಪಿಂಡ ಕೆಟ್ಟ ಗುರುತಲ್ಲ, ಡೋಸ್ ಇಳಿಸಿದರೆ ಅಥವಾ ಜೊತೆಗೆ ಟೆಲ್ಮಿಸಾರ್ಟನ್ ಸೇರಿಸಿದರೆ ಇಳಿಯುತ್ತದೆ. ಟೆಲ್ಮಿಸಾರ್ಟನ್ 40 ಮಿ.ಗ್ರಾಂ ಸಕ್ಕರೆ ಕಾಯಿಲೆ ಇದ್ದವರಿಗೆ, ಮೂತ್ರದಲ್ಲಿ ಪ್ರೋಟೀನ್ ಹೋಗುವವರಿಗೆ ಹೆಚ್ಚು ಒಪ್ಪುತ್ತದೆ. ಶುರು ಮಾಡಿದ 2–4 ವಾರದಲ್ಲಿ ಕ್ರಿಯಾಟಿನಿನ್, ಪೊಟ್ಯಾಸಿಯಂ ನೋಡಿಸಬೇಕು. ಬಸುರಿಯರು, ಬಸುರಿಯಾಗಲು ಬಯಸುವವರು ಇದನ್ನು ತೆಗೆದುಕೊಳ್ಳಲೇಬಾರದು. ರಾಮಿಪ್ರಿಲ್, ಎನಲಾಪ್ರಿಲ್ ಇದೇ ದಾರಿಯಲ್ಲಿ ಕೆಲಸ ಮಾಡಿದರೂ ಕೆಲವರಿಗೆ ಒಣಕೆಮ್ಮು ಹಿಡಿಸುತ್ತವೆ, ಮಳೆಗಾಲದ ಶೀತ ಎಂದುಕೊಂಡು ತಿಂಗಳುಗಟ್ಟಲೆ ಸಿರಪ್ ಕುಡಿಯುವವರಿದ್ದಾರೆ. ಮೂತ್ರ ಹೆಚ್ಚಿಸುವ ಕ್ಲೋರ್ಥಾಲಿಡೋನ್ 12.5 ಮಿ.ಗ್ರಾಂ ವಯಸ್ಸಾದವರಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ. ಬೆಳಿಗ್ಗೆಯೇ ತೆಗೆದುಕೊಳ್ಳಬೇಕು, ಸೋಡಿಯಂ, ಪೊಟ್ಯಾಸಿಯಂ ಇಳಿಯದಂತೆ ನೋಡಬೇಕು, ಗೌಟ್ ಎಂಬ ಕೀಲುಬಾವು ಇದ್ದವರಿಗೆ ಆಗದು. ಅಟೆನಲಾಲ್, ಮೆಟೊಪ್ರಲಾಲ್ ಹೃದಯಾಘಾತ ಆದವರಿಗೆ, ನಾಡಿ ವೇಗ ಹೆಚ್ಚಿದ್ದವರಿಗೆ. ಅಸ್ತಮಾ ಇದ್ದವರು ಮೊದಲೇ ಹೇಳಬೇಕು. ಇವನ್ನು ಒಮ್ಮೆಲೇ ನಿಲ್ಲಿಸಿದರೆ ಅಪಾಯ.

ಒಂದೇ ಮಾತ್ರೆಯ ಡೋಸ್ ದುಪ್ಪಟ್ಟು ಮಾಡುವುದೋ, ಇನ್ನೊಂದು ಬಗೆಯದನ್ನು ಕಡಿಮೆ ಪ್ರಮಾಣದಲ್ಲಿ ಸೇರಿಸುವುದೋ? ಸೇರಿಸುವುದೇ ಮೇಲು. ಅಂಕಿ ಹೆಚ್ಚು ಇಳಿಯುತ್ತದೆ, ಅಡ್ಡಪರಿಣಾಮ ಕಡಿಮೆ. ಅಮ್ಲೋಡಿಪಿನ್, ಟೆಲ್ಮಿಸಾರ್ಟನ್ ಎರಡೂ ಒಂದೇ ಮಾತ್ರೆಯಲ್ಲಿ ಸಿಗುವುದರಿಂದ ಮರೆಯುವುದೂ ಕಡಿಮೆ. ಬೆಳಿಗ್ಗೆಯೋ ರಾತ್ರಿಯೋ ಎಂಬುದಕ್ಕೆ ಬ್ರಿಟನ್ನಿನಲ್ಲಿ 21 ಸಾವಿರಕ್ಕೂ ಹೆಚ್ಚು ಜನರ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಅಧ್ಯಯನ ಉತ್ತರ ಕೊಟ್ಟಿದೆ, ವ್ಯತ್ಯಾಸವಿಲ್ಲ. ಮೂತ್ರದ ಮಾತ್ರೆಯೊಂದನ್ನು ಬಿಟ್ಟು ಉಳಿದದ್ದನ್ನು ನಿಮಗೆ ಮರೆಯದ ಹೊತ್ತಿಗೆ ತೆಗೆದುಕೊಳ್ಳಿ.

ಎಲ್ಲಿಂದ ತರುವುದು? ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ, ತಾಲ್ಲೂಕು ಆಸ್ಪತ್ರೆಯಲ್ಲಿ ಬಿ.ಪಿ., ಸಕ್ಕರೆ ಕಾಯಿಲೆಯಂಥವನ್ನು ನೋಡುವ ಎನ್.ಸಿ.ಡಿ. ಕ್ಲಿನಿಕ್‌ನಲ್ಲಿ ಮಾತ್ರೆ ಉಚಿತ, ಹೆಸರು ದಾಖಲಾಗುವುದರಿಂದ ಬಾರದಿದ್ದರೆ ಆಶಾ ಕಾರ್ಯಕರ್ತೆ ವಿಚಾರಿಸುತ್ತಾರೆ. ತೋಟದ ಲೈನ್‌ಮನೆಯಲ್ಲಿ ಇರುವವರಿಗೆ, ದಿನಗೂಲಿಯವರಿಗೆ ಇದಕ್ಕಿಂತ ಒಳ್ಳೆಯದಿಲ್ಲ. ಕೊರತೆ ಎಂದರೆ ಕೆಲವೊಮ್ಮೆ ದಾಸ್ತಾನು ಮುಗಿದು ಕೈಯಲ್ಲಿ ಹತ್ತು ದಿನದ್ದಷ್ಟೇ ಕೊಡುತ್ತಾರೆ. ಆಗ ಉಳಿದದ್ದಕ್ಕೆ ಜನೌಷಧಿ ಕೇಂದ್ರ. ಅಲ್ಲಿ ಬ್ರಾಂಡ್ ಮಾತ್ರೆಗಿಂತ ಶೇ 50ರಿಂದ 80ರಷ್ಟು ಕಡಿಮೆ ಬೆಲೆ. ಹೆಸರು ಬೇರೆಯಾದರೂ ಒಳಗಿನ ಔಷಧ, ಮಿ.ಗ್ರಾಂ ಒಂದೇ ಇದೆಯೇ ನೋಡಿ. ಹಳೆಯದನ್ನೂ ಹೊಸದನ್ನೂ ಎರಡು ಬೇರೆ ಮಾತ್ರೆ ಎಂದು ಭಾವಿಸಿ ಎರಡನ್ನೂ ನುಂಗಿ ತಲೆಸುತ್ತಿ ಬೀಳುವವರಿದ್ದಾರೆ. ಖಾಸಗಿ ಡಾಕ್ಟರು ಹೊತ್ತು ಕೊಟ್ಟು ನೋಡಬಹುದು, ಆದರೆ ಹಣವಿಲ್ಲದ ತಿಂಗಳು ಮಾತ್ರೆಯೇ ನಿಲ್ಲುವುದಾದರೆ ಆ ದಾರಿ ನಿಮ್ಮದಲ್ಲ. ಮೆಡಿಕಲ್ ಶಾಪಿನಲ್ಲಿ ಅಳೆಸಿ ಅಲ್ಲೇ ಮಾತ್ರೆ ಕೇಳುವುದು ಬೇಡ.

ಮಳೆಗಾಲಕ್ಕೆ ಎರಡು ಸಂಗತಿ. ಜೂನ್‌ಗೆ ಮೊದಲೇ ಎರಡು ವಾರದ ಹೆಚ್ಚುವರಿ ಮಾತ್ರೆ ಮನೆಯಲ್ಲಿರಲಿ. ಟೆಲ್ಮಿಸಾರ್ಟನ್ ಗಾಳಿಯ ತೇವವನ್ನು ಬೇಗ ಹೀರುತ್ತದೆ, ಸ್ಟ್ರಿಪ್‌ನಿಂದ ಬಿಡಿಸಿ ವಾರದ ಡಬ್ಬಿಗೆ ತುಂಬಿಡಬೇಡಿ, ನುಂಗುವಾಗಲೇ ಒಡೆಯಿರಿ.

ಮಾತ್ರೆ ಸರಿಯಿದ್ದೂ ಅಂಕಿ ಇಳಿಯದಿದ್ದರೆ ಮೊದಲು ಹುಡುಕಬೇಕಾದದ್ದು ನೋವಿನ ಮಾತ್ರೆ. ಸೊಂಟ, ಮೊಣಕಾಲು ನೋವಿಗೆ ಡೈಕ್ಲೋಫೆನಾಕ್, ಐಬುಪ್ರೊಫೆನ್ ದಿನಾ ನುಂಗಿದರೆ ಬಿ.ಪಿ. ಏರುತ್ತದೆ. ಟೆಲ್ಮಿಸಾರ್ಟನ್, ಮೂತ್ರದ ಮಾತ್ರೆಯ ಜೊತೆ ಸೇರಿದರೆ ಮೂತ್ರಪಿಂಡಕ್ಕೇ ಪೆಟ್ಟು. ನೋವಿಗೆ ಪ್ಯಾರಾಸಿಟಮಾಲ್ ಇರಲಿ. ಮೂಗು ಕಟ್ಟಿದ್ದಕ್ಕೆ ಕೊಡುವ ಕೆಲವು ಶೀತದ ಮಾತ್ರೆಗಳು, ಕೆಮ್ಮಿಗೆಂದು ದಿನಾ ಕುಡಿಯುವ ಜ್ಯೇಷ್ಠಮಧುವಿನ ಕಷಾಯ ಕೂಡ ಬಿ.ಪಿ. ಏರಿಸುತ್ತವೆ.

ನಾಟಿ ಮದ್ದಿನಲ್ಲಿ ಸರ್ಪಗಂಧಿಗೆ ನಿಜವಾದ ಬಲವಿದೆ. ಮುಂಬಯಿಯ ಡಾ. ರುಸ್ತುಂ ಜಾಲ್ ವಕೀಲ್ 1949ರಲ್ಲಿ ಪ್ರಕಟಿಸಿದ ಲೇಖನದಿಂದ ಜಗತ್ತಿಗೇ ಅದರ ಪರಿಚಯವಾಯಿತು, ಅದರ ಬೇರಿನಿಂದ ರಿಸರ್ಪಿನ್ ಎಂಬ ಬಿ.ಪಿ. ಔಷಧ ಬಂತು. ಅದಕ್ಕೇ ಅಪಾಯವೂ ಇರುವುದು. ಬೇರಿನ ಪುಡಿಯಲ್ಲಿ ಔಷಧ ಎಷ್ಟಿದೆ ಎಂದು ಅಳೆಯಲಾಗದು, ಮಾತ್ರೆಯ ಜೊತೆ ಸೇರಿದರೆ ಬಿ.ಪಿ. ತೀರಾ ಕುಸಿಯಬಹುದು, ಮನಸ್ಸು ಕುಗ್ಗಬಹುದು. ತೆಗೆದುಕೊಳ್ಳುತ್ತಿದ್ದರೆ ಡಾಕ್ಟರಿಂದ ಮುಚ್ಚಿಡಬೇಡಿ.

ವಾರಕ್ಕೆ 150 ನಿಮಿಷದ ಚುರುಕು ನಡಿಗೆ, ಒಂದು ಕಿಲೋ ತೂಕ ಇಳಿದರೆ ಸುಮಾರು ಒಂದು ಅಂಕಿ ಇಳಿಕೆ, ಇವು ಎಲ್ಲರಿಗೂ ಗೊತ್ತಿರುವ ಮಾತು. ಉಸಿರು ಬಿಗಿಹಿಡಿದು ಮೂಟೆ ಎತ್ತುವುದು ನಡಿಗೆಗೆ ಸಮವಲ್ಲ, ಆ ಕ್ಷಣ ಬಿ.ಪಿ. ಜಿಗಿಯುತ್ತದೆ. ಮಳೆಯಲ್ಲಿ ಮನೆಯ ಜಗಲಿಯ ಉದ್ದಕ್ಕೆ ಹತ್ತು ಹತ್ತು ನಿಮಿಷದಂತೆ ಮೂರು ಸಲ ನಡೆದರೂ ಲೆಕ್ಕಕ್ಕೆ ಬರುತ್ತದೆ.

ಎದೆನೋವು ಬಂದರೆ: ಹತ್ತಿರದ ಆಸ್ಪತ್ರೆಯೋ, ನೇರ ಮೈಸೂರೋ?

ಎದೆ ನಡುವೆ ಬಿಗಿತ, ಎಡಗೈಗೆ, ದವಡೆಗೆ, ಬೆನ್ನಿಗೆ ಹರಡುವ ನೋವು, ತಣ್ಣನೆ ಬೆವರು. ಹೆಂಗಸರಲ್ಲಿ, ಸಕ್ಕರೆ ಕಾಯಿಲೆ ಇದ್ದವರಲ್ಲಿ ಬರೀ ಉಬ್ಬಸ, ವಾಂತಿ, ವಿಪರೀತ ಸುಸ್ತು ಅಷ್ಟೇ ಇರಬಹುದು. ಗ್ಯಾಸ್ ಎಂದು ಬೆಳಗಾಗುವವರೆಗೆ ಕಾಯಬೇಡಿ.

ಕಾರು ಇದ್ದವರಿಗೆ ನೇರ ಮೈಸೂರಿಗೆ ಹೊರಟುಬಿಡುವ ಮನಸ್ಸಾಗುತ್ತದೆ. ಅದು ತಪ್ಪು. ರೋಗ ಇಂಥದ್ದೆಂದು ತಿಳಿದ ಎರಡು ಗಂಟೆಯೊಳಗೆ ಆಂಜಿಯೋಪ್ಲಾಸ್ಟಿ ಆಗುವಂತಿದ್ದರೆ ಅದೇ ಮೇಲು. ಆಗದಿದ್ದರೆ ರಕ್ತದ ಹೆಪ್ಪು ಕರಗಿಸುವ ಇಂಜೆಕ್ಷನ್ ಮೊದಲು, ಪ್ರಯಾಣ ಆಮೇಲೆ. ಕೊಡಗಿನ ಬಹುಪಾಲು ಜಾಗಗಳಿಂದ ಎರಡನೆಯದೇ ನಿಜ. ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ಜಿಲ್ಲಾ, ತಾಲ್ಲೂಕು ಆಸ್ಪತ್ರೆಗಳಲ್ಲಿ ತೆಗೆದ ಇ.ಸಿ.ಜಿ.ಯನ್ನು ದೊಡ್ಡ ಹೃದ್ರೋಗ ಕೇಂದ್ರದ ತಜ್ಞರು ದೂರದಿಂದಲೇ ನೋಡಿ ಹೇಳುತ್ತಾರೆ, ಹೆಪ್ಪು ಕರಗಿಸುವ, ಸಾವಿರಾರು ರೂಪಾಯಿಯ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ನನ್ನು ಉಚಿತವಾಗಿ ಕೊಡುತ್ತಾರೆ. ನೋವು ಶುರುವಾಗಿ 12 ಗಂಟೆಯೊಳಗೆ ಅದು ಆಗಬೇಕು, ಮೊದಲ ಮೂರು ಗಂಟೆಯಲ್ಲಿ ಅದರ ಫಲ ಹೆಚ್ಚು.

ಬಿ.ಪಿ. ಹತೋಟಿಗೂ ಇದಕ್ಕೂ ನೇರ ನಂಟಿದೆ. ಬಿ.ಪಿ. 180/110ಕ್ಕಿಂತ ಮೇಲಿದ್ದು ಇಳಿಯದಿದ್ದರೆ ಈ ಇಂಜೆಕ್ಷನ್ ಕೊಟ್ಟಾಗ ಮಿದುಳಿನಲ್ಲಿ ರಕ್ತಸ್ರಾವವಾಗುವ ಭಯವಿದೆ, ಡಾಕ್ಟರು ಹಿಂಜರಿಯಲೇಬೇಕಾಗುತ್ತದೆ. ಮೈಸೂರಿನವರಿಗೆ ಆಗ ಆಂಜಿಯೋಪ್ಲಾಸ್ಟಿ ಎಂಬ ಇನ್ನೊಂದು ಬಾಗಿಲು ಹತ್ತಿರದಲ್ಲೇ ಇದೆ. ಇಲ್ಲಿಯವರಿಗೆ ಅದು ಮೂರು ಗಂಟೆಯ ದೂರ.

ಹೊರಡುವ ಮೊದಲು 108ಕ್ಕೆ ಕರೆ ಮಾಡಿ, ಆಂಬುಲೆನ್ಸ್ ತಡವೆಂದರೆ ಇದ್ದ ಗಾಡಿಯಲ್ಲಿ ಹೊರಡಿ, ರೋಗಿ ತಾನೇ ಓಡಿಸಬಾರದು, ಗೇಟಿನವರೆಗೂ ನಡೆಸಬಾರದು. ಆಸ್ಪಿರಿನ್ ಅಲರ್ಜಿ, ಹೊಟ್ಟೆಯಲ್ಲಿ ರಕ್ತಸ್ರಾವ ಇಲ್ಲದವರು 300 ಮಿ.ಗ್ರಾಂ, ಅಂದರೆ 75ರ ನಾಲ್ಕು ಮಾತ್ರೆ, ಅಗಿದು ನುಂಗಲಿ. ನಾಲಿಗೆಯ ಕೆಳಗಿಡುವ ಸಾರ್ಬಿಟ್ರೇಟ್ ಡಾಕ್ಟರು ಮೊದಲೇ ಬರೆದುಕೊಟ್ಟವರಿಗೆ ಮಾತ್ರ, ಬಿ.ಪಿ. ಕುಸಿದಿದ್ದಾಗ ಕೊಟ್ಟರೆ ಪ್ರಾಣಕ್ಕೇ ಕುತ್ತು.

ಬಾಯಿ ಸೊಟ್ಟಗಾಗಿ, ಒಂದು ಕೈ ಬಿದ್ದು, ಮಾತು ತೊದಲಿದರೆ ಅದು ಪಾರ್ಶ್ವವಾಯು. ಆಗ ಆಸ್ಪಿರಿನ್ ಕೊಡಬಾರದು, ಒಳಗೆ ರಕ್ತಸ್ರಾವವಾಗಿದ್ದರೆ ಕೆಡುತ್ತದೆ. ಬಿ.ಪಿ. 190 ಇದೆಯೆಂದು ಮನೆಯಲ್ಲೇ ಇಳಿಸಲು ಹೋಗಬಾರದು. ಈ ಸಂದರ್ಭದಲ್ಲಿ ಮಾತ್ರ ಹತ್ತಿರದ ಯಾವುದೋ ಆಸ್ಪತ್ರೆಯಲ್ಲ, ಸಿ.ಟಿ. ಸ್ಕ್ಯಾನ್ ಇರುವ ಹತ್ತಿರದ ಆಸ್ಪತ್ರೆ ಬೇಕು. ಹೆಪ್ಪು ಕರಗಿಸಲು ಇಲ್ಲಿರುವ ಅವಧಿ ನಾಲ್ಕೂವರೆ ಗಂಟೆ ಅಷ್ಟೇ, ಕೊನೆಯದಾಗಿ ಸರಿಯಿದ್ದದ್ದು ಎಷ್ಟು ಹೊತ್ತಿಗೆ ಎಂದು ನೆನಪಿಟ್ಟುಕೊಂಡು ಹೋಗಿ.

ತಾಲ್ಲೂಕು ಆಸ್ಪತ್ರೆಯಲ್ಲಿ ಇಂಜೆಕ್ಷನ್ ಆದ ಮೇಲೆ ನೋವು ನಿಂತಿತೆಂದು ಮನೆಗೆ ಮರಳುವವರಿದ್ದಾರೆ. ಹೆಪ್ಪು ಕರಗಿದ್ದರೂ ಕಿರಿದಾದ ನಾಳ ಹಾಗೇ ಇರುತ್ತದೆ, ಮತ್ತೆ ಕಟ್ಟಿಕೊಳ್ಳಬಹುದು. ಇಂಜೆಕ್ಷನ್ ಕೊಟ್ಟ ಗಂಟೆಯನ್ನು ಚೀಟಿಯಲ್ಲಿ ಬರೆಸಿಕೊಂಡು, ಮೊದಲಿನ ಮತ್ತು ಆಮೇಲಿನ ಇ.ಸಿ.ಜಿ. ಎರಡನ್ನೂ, ನಿಮ್ಮ ಬಿ.ಪಿ. ಪುಸ್ತಕವನ್ನೂ, ಮಾತ್ರೆಯ ಸ್ಟ್ರಿಪ್‌ಗಳನ್ನೂ ಹಿಡಿದು, 24 ಗಂಟೆಯೊಳಗೆ ಆಂಜಿಯೋಗ್ರಾಂ (ನಾಳ ಎಲ್ಲಿ ಕಿರಿದಾಗಿದೆ ಎಂದು ನೋಡುವ ಪರೀಕ್ಷೆ) ಆಗುವಂತೆ ಆಂಬುಲೆನ್ಸ್‌ನಲ್ಲೇ ಹೊರಡಿ.